ಪರವಾನಗಿ ಸುಲಭವಾಯಿತು, ಒರೆಯ ಚಿಂತೆ ಯಾರಿಗೆ?

2008ರ ನವೆಂಬರ್ 28ರ ರಾತ್ರಿ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ನೈಟ್‌ಕ್ಲಬ್ ಒಂದರಲ್ಲಿ ಅಮೆರಿಕನ್ ಫುಟ್‌ಬಾಲ್ ತಾರೆ ಪ್ಲಾಕ್ಸಿಕೊ ಬರೆಸ್ ತಮ್ಮ ತೊಡೆಗೆ ತಾವೇ ಗುಂಡು ಹಾರಿಸಿಕೊಂಡರು. ಅಲ್ಲಿ ಜಗಳವಿರಲಿಲ್ಲ, ದರೋಡೆಕೋರರಿರಲಿಲ್ಲ. ಪ್ಯಾಂಟಿನ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಗ್ಲಾಕ್ ಪಿಸ್ತೂಲು ಕಾಲಿನುದ್ದಕ್ಕೂ ಜಾರತೊಡಗಿದಾಗ ಅದನ್ನು ಹಿಡಿಯಲೆಂದು ಕೈ ಹಾಕಿದ್ದಷ್ಟೇ ಅವರು ಮಾಡಿದ ಕೆಲಸ. ಬೆರಳು ಟ್ರಿಗರ್‌ಗೆ ತಗುಲಿತು. ಅದೇ ವರ್ಷದ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಸೂಪರ್‌ಬೌಲ್ ಗೆಲ್ಲಿಸಿಕೊಟ್ಟ ಅಂಕವನ್ನು ಗಳಿಸಿದ್ದ ಆಟಗಾರ ಮರುವರ್ಷ ಎರಡು ವರ್ಷಗಳ ಸಜೆಗೆ ಗುರಿಯಾಗಿ ಜೈಲು ಸೇರಿದರು.

ಶಿಕ್ಷೆಯಾದದ್ದು ಪರವಾನಗಿ ಇಲ್ಲದ ಶಸ್ತ್ರವನ್ನು ಹೊಂದಿದ್ದ ಅಪರಾಧಕ್ಕೆ. ಫ್ಲಾರಿಡಾ ರಾಜ್ಯ ನೀಡಿದ್ದ ಪರವಾನಗಿಯ ಅವಧಿ ಮುಗಿದಿತ್ತು. ನ್ಯೂಯಾರ್ಕಿನ ಪರವಾನಗಿಯಂತೂ ಇರಲೇ ಇಲ್ಲ. ಪತ್ರಿಕೆಗಳೂ ಟೀವಿ ವಾಹಿನಿಗಳೂ ತಿಂಗಳುಗಟ್ಟಲೆ ಚರ್ಚಿಸಿದ್ದು ಇದನ್ನೇ. ಆದರೆ ಗುಂಡು ಹಾರಿದ್ದಕ್ಕೆ ಕಾರಣ ಪರವಾನಗಿಯ ಕೊರತೆಯಲ್ಲ, ಒರೆಯ ಕೊರತೆ. ಚಾಲ್ತಿಯಲ್ಲಿರುವ ಪರವಾನಗಿ ಜೇಬಿನಲ್ಲಿದ್ದಿದ್ದರೂ ಆ ಪಿಸ್ತೂಲು ಹಾಗೆಯೇ ಜಾರುತ್ತಿತ್ತು, ಗುಂಡು ಹಾಗೆಯೇ ಹಾರುತ್ತಿತ್ತು.

ಅಂದಿನಿಂದ ಇಂದಿನವರೆಗೆ ಅಮೆರಿಕದಲ್ಲಿ ಪರವಾನಗಿಯ ಕುರಿತ ವಾದ ಬಹುದೂರ ಸಾಗಿದೆ. ಒರೆಯ ವಿಷಯ ಮಾತ್ರ ಬಹುಪಾಲು ನಿಂತಲ್ಲಿಯೇ ನಿಂತಿದೆ.

ಬದಲಾದ ಕಾನೂನು

ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಸಾರ್ವಜನಿಕ ಸ್ಥಳಗಳಲ್ಲಿ ಓಡಾಡುವ ಹಕ್ಕು ಅಮೆರಿಕದಲ್ಲಿ ಮೊದಲಿನಿಂದಲೂ ಎಲ್ಲರಿಗೂ ಇದ್ದದ್ದಲ್ಲ. ಅನೇಕ ರಾಜ್ಯಗಳಲ್ಲಿ ಪರವಾನಗಿ ನೀಡುವುದು ಬಿಡುವುದು ಅಧಿಕಾರಿಗಳ ವಿವೇಚನೆಗೆ ಸೇರಿತ್ತು. 1987ರಲ್ಲಿ ಫ್ಲಾರಿಡಾ, ಅರ್ಹತೆ ಇರುವ ಯಾರಿಗೂ ಪರವಾನಗಿ ನಿರಾಕರಿಸುವಂತಿಲ್ಲ ಎಂಬ ಕಾಯಿದೆ ತಂದಿತು. ಆ ಮಾದರಿ ಒಂದೊಂದೇ ರಾಜ್ಯಕ್ಕೆ ಹಬ್ಬಿತು. ವರ್ಮಾಂಟ್‌ನಲ್ಲಿ ಪರವಾನಗಿಯ ಪದ್ಧತಿ ಎಂದೂ ಇರಲಿಲ್ಲ. 2003ರಲ್ಲಿ ಅಲಾಸ್ಕಾ, 2010ರಲ್ಲಿ ಅರಿಜೋನಾ ಅದೇ ಹಾದಿ ಹಿಡಿದವು. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್ ಕೂಡ ಪರವಾನಗಿಯ ಅಗತ್ಯವನ್ನೇ ಕೈಬಿಟ್ಟಿತು. 2024ರ ವೇಳೆಗೆ ಇಂಥ ರಾಜ್ಯಗಳ ಸಂಖ್ಯೆ 29 ಮುಟ್ಟಿತು.

ನಡುವೆ ಸುಪ್ರೀಂ ಕೋರ್ಟಿನ ತೀರ್ಪೂ ಬಂತು. 2022ರ ಜೂನ್ 23ರಂದು ಆರು ನ್ಯಾಯಮೂರ್ತಿಗಳ ಬಹುಮತದಿಂದ ನ್ಯಾಯಾಲಯವು, ಆತ್ಮರಕ್ಷಣೆಗೆ ವಿಶೇಷ ಕಾರಣ ತೋರಿಸಿದವರಿಗೆ ಮಾತ್ರ ಪರವಾನಗಿ ಎನ್ನುವ ನ್ಯೂಯಾರ್ಕಿನ ಒಂದು ಶತಮಾನಕ್ಕೂ ಹಳೆಯ ಕಟ್ಟಳೆಯನ್ನು ಅಸಿಂಧುಗೊಳಿಸಿತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದ ಈ ತೀರ್ಪಿನೊಂದಿಗೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಮೇರಿಲ್ಯಾಂಡ್ ಮುಂತಾದ ಬಿಗಿ ನಿಲುವಿನ ರಾಜ್ಯಗಳೂ ಬಾಗಿಲು ತೆರೆಯಬೇಕಾಯಿತು.

ಈ ತೀರ್ಪಿಗೂ ಮೊದಲೇ ಪಿಸ್ತೂಲು ಧರಿಸುವವರ ಸಂಖ್ಯೆ ಏರುಮುಖವಾಗಿತ್ತು. ಸಾರ್ವಜನಿಕ ಆರೋಗ್ಯ ಸಂಶೋಧಕರ ಸಮೀಕ್ಷೆಯೊಂದರ ಪ್ರಕಾರ 2015ರಲ್ಲಿ ಸುಮಾರು 90 ಲಕ್ಷ ಅಮೆರಿಕನ್ನರು ತಿಂಗಳಿಗೊಮ್ಮೆಯಾದರೂ ಗುಂಡು ತುಂಬಿದ ಪಿಸ್ತೂಲನ್ನು ಮೈಮೇಲೋ ಹತ್ತಿರವೋ ಇಟ್ಟುಕೊಂಡು ಹೊರಗೆ ಹೋಗುತ್ತಿದ್ದರು. 2019ರಲ್ಲಿ ಈ ಸಂಖ್ಯೆ 1.6 ಕೋಟಿಗೆ ಏರಿತ್ತು. ಅವರಲ್ಲಿ ಸುಮಾರು 60 ಲಕ್ಷ ಮಂದಿಗೆ ಅದು ದಿನನಿತ್ಯದ ಅಭ್ಯಾಸ. ಎರಡು ಕರ್ನಾಟಕ ರಾಜಧಾನಿಯಷ್ಟಲ್ಲದಿದ್ದರೂ ಒಂದು ದೊಡ್ಡ ಮಹಾನಗರದ ಜನರೆಲ್ಲ ಬೆಳಗಾದರೆ ಕೈಗಡಿಯಾರ ಕಟ್ಟಿದಂತೆ ಪಿಸ್ತೂಲು ಕಟ್ಟಿಕೊಂಡು ಹೊರಡುವ ಚಿತ್ರವಿದು.

ಕರ್ನಾಟಕದ ಓದುಗರಿಗೂ ಈ ಚಿತ್ರ ಪೂರ್ತಿ ಪರಕೀಯವಲ್ಲ. ಡಲ್ಲಾಸ್, ಹ್ಯೂಸ್ಟನ್, ಎಡಿಸನ್, ಫೀನಿಕ್ಸ್‌ಗಳಲ್ಲಿ ನೆಲೆಸಿದ ಕನ್ನಡಿಗರ ನೆರೆಮನೆ, ಕಚೇರಿ, ಅಂಗಡಿಗಳಲ್ಲಿ ಇದು ನಿತ್ಯದ ಸಂಗತಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಅಲ್ಲಿನ ಒಕ್ಕೂಟ ಕಾನೂನು, ಬೇಟೆಯ ಪರವಾನಗಿ ಮುಂತಾದ ಕೆಲವು ವಿನಾಯಿತಿಗಳ ಹೊರತು, ಬಂದೂಕು ಹೊಂದುವುದನ್ನೇ ನಿಷೇಧಿಸಿದೆ. ಗೆಳೆಯನ ಪಿಸ್ತೂಲನ್ನು ಶೂಟಿಂಗ್ ರೇಂಜಿನಲ್ಲಿ ಕೈಗೆತ್ತಿಕೊಳ್ಳುವುದೂ ತೊಡಕಿಗೆ ದಾರಿ ಎಂಬುದನ್ನು ಹೊಸದಾಗಿ ಹೋದವರು ತಿಳಿದಿರಬೇಕು. ಆದರೆ ಗ್ರೀನ್ ಕಾರ್ಡ್ ಪಡೆದವರಿಗೆ, ಪೌರತ್ವ ಪಡೆದವರಿಗೆ ಈ ಅಡ್ಡಿಯಿಲ್ಲ. ಪೆಟ್ರೋಲ್ ಬಂಕ್, ಮೋಟೆಲ್, ದಿನಸಿ ಅಂಗಡಿ ನಡೆಸುವ ಭಾರತೀಯ ಮೂಲದ ಅನೇಕರು ರಾತ್ರಿಯ ಭಯಕ್ಕೆ ಪರಿಹಾರವೆಂದು ಪಿಸ್ತೂಲು ಕೊಳ್ಳುವುದುಂಟು.

ಕೊಳ್ಳುವಾಗ ನಡೆಯುವ ಲೆಕ್ಕಾಚಾರ ಕುತೂಹಲಕರ. ಐದಾರು ನೂರು ಡಾಲರ್ ಕೊಟ್ಟು ಹೆಸರಾಂತ ಕಂಪನಿಯ ಪಿಸ್ತೂಲು ಕೊಂಡವರು ಒರೆಯ ವಿಷಯ ಬಂದಾಗ ಅಂಗಡಿಯ ಮೂಲೆಯಲ್ಲಿ ತೂಗುಹಾಕಿದ ಹದಿನೈದು ಡಾಲರ್‌ನ ನೈಲಾನ್ ಚೀಲದತ್ತ ಕೈ ಚಾಚುತ್ತಾರೆ. ಚಿನ್ನದ ಸರ ಕೊಂಡು ದಾರದ ಗಂಟು ಹಾಕಿಕೊಂಡಂತೆ.

ಆರಾಮವೂ ಸುರಕ್ಷತೆಯೇ

ಆರಾಮದಾಯಕ ಒರೆ ಎಂದಾಕ್ಷಣ ಅದು ಶೋಕಿಯ ಮಾತೆನಿಸಬಹುದು. ಹಾಗಲ್ಲ. ಗುಂಡು ತುಂಬಿದ ಮಧ್ಯಮ ಗಾತ್ರದ ಪಿಸ್ತೂಲಿನ ತೂಕ ಮುಕ್ಕಾಲು ಕಿಲೋಗೂ ಹೆಚ್ಚು. ಆ ಲೋಹದ ತುಂಡು ಸೊಂಟದ ಮೂಳೆಗೆ ಒತ್ತುತ್ತ, ಕುಳಿತಾಗ ಹೊಟ್ಟೆಗೆ ಚುಚ್ಚುತ್ತ, ಬೆವರಿನಲ್ಲಿ ಚರ್ಮವನ್ನು ಉಜ್ಜುತ್ತ ದಿನಕ್ಕೆ ಹತ್ತು ಹನ್ನೆರಡು ತಾಸು ಜತೆಗಿರುತ್ತದೆ. ಮೊದಲ ವಾರದ ಹುಮ್ಮಸ್ಸು ಇಳಿದ ಮೇಲೆ ಮನುಷ್ಯಸಹಜವಾದದ್ದೇ ನಡೆಯುತ್ತದೆ. ಕಾರು ಓಡಿಸುವಾಗ ತೆಗೆದು ಪಕ್ಕದ ಸೀಟಿನ ಮೇಲೆ, ಕಚೇರಿ ಬಂದಾಗ ಡ್ಯಾಶ್‌ಬೋರ್ಡಿನ ಗೂಡಿನೊಳಗೆ, ಮಹಿಳೆಯರಾದರೆ ಕೈಚೀಲದೊಳಗೆ. ಮೈಯಿಂದ ಬೇರ್ಪಟ್ಟ ಆ ಗಳಿಗೆಯಲ್ಲಿ ಪಿಸ್ತೂಲು ಒಡೆಯನ ಹತೋಟಿ ತಪ್ಪುತ್ತದೆ.

2014ರ ಡಿಸೆಂಬರ್ 30ರಂದು ಐಡಾಹೊ ರಾಜ್ಯದ ಹೇಡನ್ ಎಂಬ ಸಣ್ಣ ಊರಿನ ವಾಲ್‌ಮಾರ್ಟ್ ಮಳಿಗೆಯಲ್ಲಿ ನಡೆದದ್ದು ಇದರ ಅತ್ಯಂತ ದಾರುಣ ನಿದರ್ಶನ. ಎರಡು ವರ್ಷದ ಮಗು ಸಾಮಾನಿನ ಗಾಡಿಯಲ್ಲಿ ಕುಳಿತಿತ್ತು, ಪಕ್ಕದಲ್ಲಿ ತಾಯಿಯ ಕೈಚೀಲವಿತ್ತು. ಮಗು ಚೀಲದೊಳಗೆ ಕೈ ಹಾಕಿತು. ಪಿಸ್ತೂಲು ಸಿಡಿದು ತಾಯಿ ಸ್ಥಳದಲ್ಲೇ ಅಸುನೀಗಿದಳು. ಆಕೆಗೆ ಪರವಾನಗಿ ಇತ್ತು. ಬಂದೂಕಿನ ಪರಿಚಯ ಚೆನ್ನಾಗಿಯೇ ಇತ್ತು. ಆ ಕೈಚೀಲವೂ ಸಾಧಾರಣದ್ದಲ್ಲ, ಪಿಸ್ತೂಲು ಇಡಲೆಂದೇ ಜಿಪ್ ಇರುವ ಪ್ರತ್ಯೇಕ ಅರೆಯನ್ನು ಹೊಲಿದು ಮಾರಾಟವಾಗುವಂಥದ್ದು. ಅಂದರೆ ಆಕೆ ಅಸಡ್ಡೆಯಿಂದ ಏನನ್ನೋ ಬಳಸುತ್ತಿರಲಿಲ್ಲ. ಮಾರುಕಟ್ಟೆ ಇದೇ ಸರಿಯಾದ ಸಾಧನವೆಂದು ಕೊಟ್ಟದ್ದನ್ನೇ ಬಳಸುತ್ತಿದ್ದಳು.

ಕಾರಿನಲ್ಲಿ ಬಿಟ್ಟುಹೋದ ಪಿಸ್ತೂಲಿನ ಕಥೆ ಬೇರೆ ಬಗೆಯದು. 2017ರಿಂದ 2021ರವರೆಗಿನ ಐದು ವರ್ಷಗಳಲ್ಲಿ ಖಾಸಗಿ ವ್ಯಕ್ತಿಗಳಿಂದ 10 ಲಕ್ಷಕ್ಕೂ ಹೆಚ್ಚು ಬಂದೂಕುಗಳು ಕಳುವಾದ ವರದಿಯಾಗಿದೆ ಎಂದು ಅಮೆರಿಕದ ಶಸ್ತ್ರ ನಿಯಂತ್ರಣ ಇಲಾಖೆಯೇ ಲೆಕ್ಕ ಕೊಟ್ಟಿದೆ. ಕಾರಿನ ಗಾಜು ಒಡೆದು ಕದ್ದವುಗಳ ಪಾಲು ಅದರಲ್ಲಿ ದೊಡ್ಡದು. ಬಂದೂಕು ನಿಷೇಧಿತ ಸ್ಥಳಗಳು ಹೆಚ್ಚಿದಷ್ಟೂ ಜನ ಅದನ್ನು ಕಾರಿನಲ್ಲಿ ಬಿಡುವ ಸಂದರ್ಭಗಳೂ ಹೆಚ್ಚುತ್ತವೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಒತ್ತುವ, ಚುಚ್ಚುವ ಒರೆಯೂ ಅದೇ ಕೆಲಸವನ್ನು ಯಾವ ಕಾನೂನಿನ ಹಂಗೂ ಇಲ್ಲದೆ ಮಾಡುತ್ತದೆ. ಮೈಮೇಲೆ ಇದ್ದದ್ದೇ ಮರೆತುಹೋಗುವಷ್ಟು ಹಿತವಾದ ಒರೆ ಇದ್ದರೆ ಪಿಸ್ತೂಲು ಮೈಮೇಲೆಯೇ ಇರುತ್ತದೆ. ಬಂದೂಕಿನ ಪರವಾಗಿರುವವರೂ ವಿರೋಧವಾಗಿರುವವರೂ ಒಪ್ಪಬಹುದಾದ ಅಪರೂಪದ ಸಂಗತಿ ಇದು. ಬಹುಶಃ ಅದಕ್ಕಾಗಿಯೇ ಯಾರೂ ಇದನ್ನು ಮಾತಾಡುವುದಿಲ್ಲ.

ಒರೆ ಎಂದರೆ ಯಾವುದು?

ಈ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರ ಬರೆದ ರಾಜ್ಯ ನ್ಯೂಜೆರ್ಸಿ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಆರು ತಿಂಗಳಲ್ಲಿ, 2022ರ ಡಿಸೆಂಬರ್ 22ರಂದು ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾಯಿದೆ, ಪಿಸ್ತೂಲನ್ನು ಒರೆಯಲ್ಲಿಯೇ ಮರೆಮಾಡಿ ಒಯ್ಯಬೇಕು ಎಂದು ವಿಧಿಸಿತು. ಅಷ್ಟಕ್ಕೇ ನಿಲ್ಲದೆ ಒರೆಯೆಂದರೆ ಏನೆಂದೂ ವಿವರಿಸಿತು. ಅದು ಪಿಸ್ತೂಲನ್ನು ಭದ್ರವಾಗಿ ಹಿಡಿದಿರಬೇಕು. ಅದರ ಮುಖ್ಯ ಭಾಗವನ್ನು ಮುಚ್ಚಿ ಕಾಪಾಡಬೇಕು. ಪಿಸ್ತೂಲು ಸದಾ ಒಂದೇ ಸ್ಥಾನದಲ್ಲಿ, ಕೈಗೆಟಕುವಂತೆ ಇರಬೇಕು. ಪೂರ್ತಿ ಒಳಗೆ ಕುಳಿತಾಗ ಟ್ರಿಗರ್ ಮುಚ್ಚಿಹೋಗಿ ಬೆರಳಿಗೆ ಸಿಗದಂತಿರಬೇಕು. ಆ ಕಾಯಿದೆಯ ಇತರ ಹಲವು ಅಂಶಗಳು, ವಿಶೇಷವಾಗಿ ನಿಷೇಧಿತ ಸ್ಥಳಗಳ ಉದ್ದನೆಯ ಪಟ್ಟಿ, ನ್ಯಾಯಾಲಯದ ಮೆಟ್ಟಿಲೇರಿದವು. ಒರೆಯ ವ್ಯಾಖ್ಯೆ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಬಿದ್ದಿದ್ದರೆ, ಎಷ್ಟೋ ಅಂಗಡಿಗಳು ಕೊಡುವ ಸಲಹೆಗಿಂತ ಈ ನಾಲ್ಕು ಸಾಲು ಹೆಚ್ಚು ಉಪಯುಕ್ತವೆಂದು ಗ್ರಾಹಕರಿಗೆ ಮನವರಿಕೆಯಾಗುತ್ತಿತ್ತು.

ಟೆಕ್ಸಾಸಿನಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಧರಿಸಿದರೆ ಒರೆ ಕಡ್ಡಾಯ. ಮೊದಲು ಅದು ಬೆಲ್ಟಿಗೆ ಅಥವಾ ಹೆಗಲಿಗೆ ಕಟ್ಟಿದ ಒರೆಯೇ ಆಗಬೇಕೆಂಬ ಷರತ್ತಿತ್ತು. 2021ರ ಕಾಯಿದೆ ಅದನ್ನು ಸಡಿಲಿಸಿ ಬರಿಯ ಒರೆ ಎಂದಷ್ಟೇ ಉಳಿಸಿತು. ಅಂಗಿಯೊಳಗೆ ಅಡಗಿಸಿಕೊಂಡವರಿಗೆ ಒರೆಯ ಕಡ್ಡಾಯವಿಲ್ಲ. ನೋಡುವವರ ಮನಸ್ಸಿನ ನೆಮ್ಮದಿಗೆ ಒರೆ ಬೇಕು, ಧರಿಸಿದವರ ತೊಡೆಯ ಕ್ಷೇಮಕ್ಕೆ ಬೇಡ ಎಂಬಂತಿದೆ ಈ ತರ್ಕ.

ನಾಲ್ಕು ಷರತ್ತುಗಳಲ್ಲಿ ಟ್ರಿಗರ್ ಮುಚ್ಚುವುದೇ ಎಲ್ಲಕ್ಕಿಂತ ಹಿರಿದು. ಹಳಬರು ಬಂದೂಕಿನ ಕುದುರೆ ಎನ್ನುತ್ತಿದ್ದ ಆ ಪುಟ್ಟ ಭಾಗವನ್ನು ಎಳೆದರೆ ಮಾತ್ರ ಇಂದಿನ ಬಹುತೇಕ ಪಿಸ್ತೂಲುಗಳು ಸಿಡಿಯುತ್ತವೆ. ಜನಪ್ರಿಯವಾದ ಅನೇಕ ಮಾದರಿಗಳಲ್ಲಿ ಕೈಯಿಂದ ಹಾಕುವ ಪ್ರತ್ಯೇಕ ಸುರಕ್ಷಾ ಕೀಲಿ ಇಲ್ಲ. ಸುಮಾರು ಎರಡೂವರೆ ಕಿಲೋ ಒತ್ತಡ ಬಿದ್ದರೆ ಸಾಕು. ಇಂಥ ಪಿಸ್ತೂಲಿಗೆ ಒರೆಯೇ ಸುರಕ್ಷಾ ಕೀಲಿ. ಆದ್ದರಿಂದ ಒರೆ ಆ ಮಾದರಿಗೆಂದೇ ಅಚ್ಚು ಹಾಕಿದ್ದಾಗಿರಬೇಕು. ಎಲ್ಲ ಪಿಸ್ತೂಲಿಗೂ ಹೊಂದುತ್ತದೆ ಎಂದು ಬರೆದುಕೊಂಡ ಚೀಲ ಯಾವ ಪಿಸ್ತೂಲಿಗೂ ಹೊಂದುವುದಿಲ್ಲ. ಪಿಸ್ತೂಲಿಗೆ ಟಾರ್ಚ್ ಅಥವಾ ಲೇಸರ್ ಜೋಡಿಸಿದವರು ಅದಕ್ಕೆ ತಕ್ಕ ಬೇರೆ ಒರೆಯನ್ನೇ ಹುಡುಕಬೇಕಾಗುತ್ತದೆ, ಏಕೆಂದರೆ ಟಾರ್ಚಿಗೆಂದು ಅಗಲವಾದ ಬಾಯಿಯಲ್ಲಿ ಟ್ರಿಗರಿನ ಸುತ್ತ ಸಂದು ಉಳಿಯುವ ಅಪಾಯವಿದೆ.

ಚರ್ಮವೋ, ಪ್ಲಾಸ್ಟಿಕ್ಕೋ?

ಬಾಳಿಕೆಯ ಪ್ರಶ್ನೆ ಬಂದಾಗ ವಾದ ಸುತ್ತಿ ಸುಳಿದು ಎರಡು ವಸ್ತುಗಳ ಬಳಿ ಬಂದು ನಿಲ್ಲುತ್ತದೆ.

ಚರ್ಮ ಹಳೆಯ ಒಡನಾಡಿ. ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದ ದಪ್ಪ ತೊಗಲನ್ನು ನೆನೆಸಿ, ಪಿಸ್ತೂಲಿನ ಅಚ್ಚಿನ ಸುತ್ತ ಒತ್ತಿ, ಒಣಗಿಸಿ ಒರೆ ಮಾಡುತ್ತಾರೆ. ದಕ್ಷಿಣ ಭಾರತದಲ್ಲಿ ತಂಗಡಿ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದ ವಿಧಾನದ ಸೋದರ ಸಂಬಂಧಿಯೇ ಇದು. ಕ್ರೋಮಿಯಂ ಲವಣಗಳಲ್ಲಿ ಬೇಗ ಹದಗೊಳಿಸಿದ ಚರ್ಮ ಮೆತ್ತಗಿರುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಆದರೆ ಅದು ಆಕಾರ ಹಿಡಿದಿಡುವುದಿಲ್ಲ, ಲೋಹಕ್ಕೆ ತುಕ್ಕು ತರಿಸುವ ದೂರೂ ಅದರ ಮೇಲಿದೆ. ಒಳ್ಳೆಯ ಚರ್ಮದ ಒರೆ ಹೊಸತರಲ್ಲಿ ಬಿಗಿಯಾಗಿದ್ದು ಕೆಲವು ವಾರಗಳಲ್ಲಿ ಮೈಗೆ ಪಳಗುತ್ತದೆ, ಹೊಸ ಚಪ್ಪಲಿ ಕಾಲಿಗೆ ಪಳಗಿದ ಹಾಗೆ. ಸದ್ದು ಮಾಡುವುದಿಲ್ಲ, ಚರ್ಮವನ್ನು ಕೆರೆಯುವುದಿಲ್ಲ.

ಅದರ ಶತ್ರು ಬೆವರು. ವರ್ಷಾನುಗಟ್ಟಲೆ ತೇವ ಕುಡಿದ ತೊಗಲು ಬಿಗುಪು ಕಳೆದುಕೊಂಡು ಬಾಯಿಯ ಬಳಿ ಒಳಕ್ಕೆ ಮಡಚಿಕೊಳ್ಳತೊಡಗುತ್ತದೆ. ಪಿಸ್ತೂಲನ್ನು ಒಳಗೆ ತಳ್ಳುವಾಗ ಆ ಮಡಿಕೆಯೇ ಬೆರಳಿನಂತೆ ಟ್ರಿಗರನ್ನು ಒತ್ತಬಹುದು. ಹಾಗೆ ಗುಂಡು ಹಾರಿದ ನಿದರ್ಶನಗಳಿವೆ. ಅಜ್ಜನ ಕಾಲದ ಒರೆಯೆಂಬ ಅಭಿಮಾನ ಬೇರೆ, ಅದನ್ನು ಸೊಂಟಕ್ಕೆ ಕಟ್ಟುವುದು ಬೇರೆ. ಬಾಯಿಯ ಅಂಚಿಗೆ ಎರಡನೆಯ ಪದರ ಅಥವಾ ಉಕ್ಕಿನ ಪಟ್ಟಿ ಸೇರಿಸಿ ಹೊಲಿದ ಒರೆಗಳು ಈ ದೋಷವನ್ನು ಬಹುಮಟ್ಟಿಗೆ ತಡೆಯುತ್ತವೆ. ಆ ಪಟ್ಟಿ ಇದೆಯೋ ಇಲ್ಲವೋ ಎಂಬುದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತಿಳಿಯಬಹುದು.

ಕೈಡೆಕ್ಸ್ ಎಂಬ ಪ್ಲಾಸ್ಟಿಕ್ 1965ರಲ್ಲಿ ವಿಮಾನಗಳ ಒಳಾಂಗಣಕ್ಕೆಂದು ತಯಾರಾದದ್ದು. ಅಕ್ರಿಲಿಕ್ ಮತ್ತು ಪಿವಿಸಿ ಬೆರೆತ ಈ ಹಾಳೆಯನ್ನು ಕಾಯಿಸಿ ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿದರೆ ಅದರ ಪ್ರತಿ ಅಂಚನ್ನೂ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಬೆವರು ಇಳಿಯುವುದಿಲ್ಲ, ಬಾಯಿ ಕುಸಿಯುವುದಿಲ್ಲ, ಪಿಸ್ತೂಲು ಸರಿಯಾಗಿ ಕುಳಿತಾಗ ಟಕ್ಕೆಂದು ಸದ್ದಾಗುತ್ತದೆ. ಆ ಸದ್ದೇ ಅದರ ಜನಪ್ರಿಯತೆಯ ಅರ್ಧ ಗುಟ್ಟು. ಒಂದು ಕೈಯಲ್ಲಿ, ಕಣ್ಣಿನಿಂದ ನೋಡದೆಯೂ ಪಿಸ್ತೂಲು ಪೂರ್ತಿ ಒಳಗೆ ಹೋಯಿತೆಂದು ತಿಳಿಯುತ್ತದೆ. ಹಿಡಿತ ಹೆಚ್ಚು ಕಡಿಮೆ ಮಾಡಲು ಸ್ಕ್ರೂ ಇರುತ್ತದೆ. ಅಮೆರಿಕದಲ್ಲಿ ಇಂದು ಮರೆಯಲ್ಲಿ ಧರಿಸುವವರ ಒಲವು ಬಹುಪಾಲು ಇದರತ್ತಲೇ ಇದೆ. ಗ್ಯಾರೇಜಿನಲ್ಲಿ ಒಂದು ಒಲೆ, ಒಂದು ಒತ್ತುಯಂತ್ರ ಇಟ್ಟುಕೊಂಡು ಒರೆ ಮಾಡಿ ಮಾರುವ ಗೃಹೋದ್ಯಮಗಳೇ ಅಲ್ಲಿ ಲೆಕ್ಕವಿಲ್ಲದಷ್ಟು ಹುಟ್ಟಿಕೊಂಡಿವೆ. ಗುಣಮಟ್ಟದಲ್ಲಿ ಅಜಗಜಾಂತರ.

ಕೈಡೆಕ್ಸ್‌ಗೆ ದೋಷಗಳಿಲ್ಲವೆಂದಲ್ಲ. ಮೈಗೆ ಅದು ಗಡುಸು. ಟೆಕ್ಸಾಸಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಆಕಾರ ಕೆಡಬಹುದು. ಮಡಿಕೆಯ ಜಾಗದಲ್ಲಿ, ಸ್ಕ್ರೂ ಕೂರುವ ರಂಧ್ರದ ಸುತ್ತ ಕೂದಲೆಳೆಯಷ್ಟು ಬಿರುಕು ಮೂಡುವುದುಂಟು. ಎಲ್ಲಕ್ಕಿಂತ ಮೊದಲು ಸೋಲುವುದು ಒರೆಯಲ್ಲ, ಅದನ್ನು ಬೆಲ್ಟಿಗೆ ಬಂಧಿಸುವ ಕ್ಲಿಪ್ಪು. ಸಡಿಲಾದ ಸ್ಕ್ರೂ ಎಂದೋ ಉದುರಿ, ಪಿಸ್ತೂಲು ಎಳೆದಾಗ ಒರೆಯೂ ಅದರ ಜತೆಗೇ ಹೊರಬರುವ ನಗೆಪಾಟಲು ತರಬೇತಿ ಶಿಬಿರಗಳಲ್ಲಿ ಅಪರೂಪವಲ್ಲ. ಸ್ಕ್ರೂಗೆ ಅಂಟು ಹಚ್ಚಿ ಬಿಗಿಯುವುದು, ತಿಂಗಳಿಗೊಮ್ಮೆ ತಿರುಗಿಸಿ ನೋಡುವುದು ಬಾಳಿಕೆಯ ಸರಳ ಉಪಾಯ. ಮೈಯ ಕಡೆ ಚರ್ಮ, ಹೊರಗಡೆ ಕೈಡೆಕ್ಸ್ ಇರುವ ಮಿಶ್ರ ಒರೆಗಳು ಎರಡರ ಹಿತವನ್ನೂ ಕೊಡುವುದಾಗಿ ಹೇಳಿಕೊಳ್ಳುತ್ತವೆ. ಚರ್ಮದ ಭಾಗ ಮೆತ್ತಗಾದಾಗ ಅದರ ಚಾಳಿಯೂ ಜತೆಗೇ ಬರುತ್ತದೆ. ನೈಲಾನ್ ಚೀಲಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಎಲ್ಲಿ ಕಟ್ಟಬೇಕು?

ಕೊಡವರ ಸಾಂಪ್ರದಾಯಿಕ ಉಡುಪನ್ನು ಕಂಡವರಿಗೆ ಈ ಪ್ರಶ್ನೆ ಹೊಸತೆನಿಸದು. ಪೀಚೆಕತ್ತಿ ಮುಂದುಗಡೆ ರೇಷ್ಮೆಯ ಚೇಲೆಯಲ್ಲಿ, ಅಗಲವಾದ ಒಡಿಕತ್ತಿ ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ. ಆಯುಧದ ಆಕಾರಕ್ಕೆ ತಕ್ಕ ಜಾಗ, ಜಾಗಕ್ಕೆ ತಕ್ಕ ಹಿಡಿಕೆ.

ಅಮೆರಿಕದಲ್ಲಿ ಚಾಲ್ತಿಯಲ್ಲಿರುವುದು ಮುಖ್ಯವಾಗಿ ಎರಡು ಜಾಗ. ಬಲಗೈಯವರಾದರೆ ಸೊಂಟದ ಬಲಭಾಗದಲ್ಲಿ, ಮೂಳೆಯಿಂದ ತುಸು ಹಿಂದೆ, ಪ್ಯಾಂಟಿನ ಒಳಗೆ ಸೇರಿಸಿದ ಒರೆ. ನಿಂತು ಕೆಲಸ ಮಾಡುವವರಿಗೆ ಇದು ಹಿತ. ಬಗ್ಗಿದಾಗ ಅಂಗಿಯ ಕೆಳಗೆ ಪಿಸ್ತೂಲಿನ ಹಿಡಿ ಎದ್ದು ಕಾಣುವುದು ಇದರ ತೊಂದರೆ. ಒಂದು ಕ್ಷಣ ಹೀಗೆ ಕಂಡದ್ದಕ್ಕೇ ಅಪರಾಧಿಯಾಗಬಾರದೆಂದು ಫ್ಲಾರಿಡಾ 2011ರಲ್ಲಿ ಕಾನೂನನ್ನು ತಿದ್ದಬೇಕಾಯಿತು ಎಂದರೆ ಸಮಸ್ಯೆಯ ವ್ಯಾಪ್ತಿ ತಿಳಿದೀತು. ಇನ್ನೊಂದು, ಹೊಕ್ಕುಳಿನ ಪಕ್ಕ ಹೊಟ್ಟೆಯ ಮುಂಭಾಗದಲ್ಲಿ ಧರಿಸುವುದು. ಕೈಗೆ ಬೇಗ ಸಿಗುತ್ತದೆ, ಜನಜಂಗುಳಿಯಲ್ಲಿ ಹಿಂದಿನಿಂದ ಯಾರೂ ಕಸಿಯಲಾಗದು. ಆದರೆ ಕುಳಿತಾಗ ಪಿಸ್ತೂಲಿನ ನಳಿಗೆ ತೊಡೆಯ ಮುಖ್ಯ ರಕ್ತನಾಳದತ್ತ ಮುಖ ಮಾಡಿರುತ್ತದೆ. ಇಲ್ಲಿ ಆಗುವ ಒಂದೇ ತಪ್ಪು ಕೊನೆಯ ತಪ್ಪಾಗಬಹುದು. ಹೊಟ್ಟೆ ತುಸು ಮುಂದೆ ಬಂದಿರುವ, ದಿನವಿಡೀ ಕುರ್ಚಿಯಲ್ಲಿ ಕುಳಿತಿರುವ ನಡುವಯಸ್ಸಿನ ಸಾಫ್ಟ್‌ವೇರ್ ಉದ್ಯೋಗಿಗೆ ಈ ಜಾಗ ಹಿತವೂ ಅಲ್ಲ, ಕ್ಷೇಮವೂ ಅಲ್ಲ. ಒರೆಯ ತಳಕ್ಕೆ ಮೆತ್ತನೆಯ ಬೆಣೆಯೊಂದನ್ನು ಅಂಟಿಸಿ ಒತ್ತಡ ಹಂಚುವ, ಹಿಡಿಯನ್ನು ಮೈಕಡೆಗೆ ತಿರುಗಿಸುವ ಜಾಣ್ಮೆಗಳು ಬಂದಿವೆ. ಅವು ನೆರವಾಗುತ್ತವೆ, ದೇಹದ ರಚನೆಯನ್ನು ಬದಲಿಸುವುದಿಲ್ಲ. ಕಣಕಾಲು, ಹೆಗಲು, ಜೇಬು ಇವೆಲ್ಲ ವಿಶೇಷ ಸಂದರ್ಭಗಳಿಗೆ ಮಾತ್ರ.

ಆರಾಮದ ಅರ್ಧ ಪಾಲು ಇರುವುದು ಒರೆಯಲ್ಲಲ್ಲ, ಬೆಲ್ಟಿನಲ್ಲಿ. ಮೆತ್ತನೆಯ ಬೆಲ್ಟಿಗೆ ಎಷ್ಟೇ ಒಳ್ಳೆಯ ಒರೆ ಸಿಕ್ಕಿಸಿದರೂ ಭಾರಕ್ಕೆ ಅದು ಹೊರಕ್ಕೆ ಜೋಲುತ್ತದೆ. ಜೋಲದಿರಲೆಂದು ಬಿಗಿದರೆ ಉಸಿರು ಕಟ್ಟುತ್ತದೆ. ಒಂದೂವರೆ ಇಂಚು ಅಗಲದ, ಉದ್ದಕ್ಕೆ ಬಾಗಿದರೂ ಅಡ್ಡಕ್ಕೆ ತಿರುಚದ ಬೆಲ್ಟು ಈ ಭಾರವನ್ನು ಸೊಂಟದ ಸುತ್ತಲೂ ಹಂಚುತ್ತದೆ. ಮೂರು ಒರೆ ಬದಲಿಸಿದರೂ ನೋವು ಹೋಗಲಿಲ್ಲ ಎನ್ನುವವರ ಬೆಲ್ಟನ್ನು ಮೊದಲು ನೋಡಬೇಕು. ಮಹಿಳೆಯರ ಸಮಸ್ಯೆ ಇನ್ನೂ ಜಟಿಲ. ಅವರ ಉಡುಪಿನಲ್ಲಿ ಗಟ್ಟಿ ಬೆಲ್ಟಿಗೆ ಜಾಗವೇ ಇಲ್ಲದ್ದರಿಂದ ಹೊಟ್ಟೆಗೆ ಸುತ್ತುವ ಹಿಗ್ಗುಪಟ್ಟಿಯ ಒರೆಗಳು ಬಂದಿವೆ. ಅವುಗಳಲ್ಲಿ ಟ್ರಿಗರಿನ ಮೇಲೆ ಬರಿಯ ಬಟ್ಟೆಯಿದ್ದರೆ ಬೇಡ, ಗಟ್ಟಿ ಹೊದಿಕೆಯಿದ್ದರೆ ಸರಿ. ಹೇಡನ್‌ನ ಆ ಕೈಚೀಲಕ್ಕಿಂತ ಅದು ಸಾವಿರ ಪಾಲು ಮೇಲು.

ಹಿಡಿತದ ಮಾತಿಗೆ 2018ರ ಜೂನ್‌ನ ಡೆನ್ವರ್ ಪ್ರಕರಣ ಸಾಕು. ಕರ್ತವ್ಯದ ಮೇಲಿರದ ಎಫ್‌ಬಿಐ ಅಧಿಕಾರಿಯೊಬ್ಬರು ಬಾರ್ ಒಂದರ ನೃತ್ಯದಂಗಳದಲ್ಲಿ ಹಿಂದಕ್ಕೆ ಪಲ್ಟಿ ಹೊಡೆದರು. ಸೊಂಟದ ಒರೆಯಿಂದ ಪಿಸ್ತೂಲು ನೆಲಕ್ಕೆ ಬಿತ್ತು. ಬಿದ್ದಾಗ ಸಿಡಿಯಲಿಲ್ಲ. ಅವಸರದಲ್ಲಿ ಎತ್ತಿಕೊಳ್ಳುವಾಗ ಸಿಡಿದು, ಅಲ್ಲಿದ್ದ ಒಬ್ಬರ ಕಾಲಿಗೆ ಗುಂಡು ತಗುಲಿತು. ದೇಶದ ಅತ್ಯುತ್ತಮ ತರಬೇತಿ ಪಡೆದ ಸಂಸ್ಥೆಯ ಅಧಿಕಾರಿಯ ಗತಿ ಇದಾದರೆ, ಶನಿವಾರ ಪಿಸ್ತೂಲು ಕೊಂಡು ಸೋಮವಾರ ಧರಿಸಿ ಹೊರಡುವವರ ಗತಿ ಊಹಿಸಬಹುದು. ಖಾಲಿ ಪಿಸ್ತೂಲನ್ನು ಒರೆಯಲ್ಲಿಟ್ಟು, ಹಾಸಿಗೆಯ ಮೇಲೆ ತಲೆಕೆಳಗಾಗಿಸಿ ಜೋರಾಗಿ ಅಲುಗಿಸಿದಾಗ ಬಿದ್ದರೆ ಆ ಒರೆ ಬೇಡ. ಇನ್ನೊಂದು ಪಾಠವೂ ಇಲ್ಲಿದೆ: ಜಾರುವ ಪಿಸ್ತೂಲನ್ನು ಹಿಡಿಯಲು ಹೋಗಬಾರದು, ಬೀಳಲು ಬಿಡಬೇಕು. ಬರೆಸ್ ಕೂಡ ಎಡವಿದ್ದು ಅಲ್ಲಿಯೇ.

ಅಪಾಯ ಹೊರತೆಗೆಯುವಾಗಿನದಕ್ಕಿಂತ ಒಳಗಿಡುವಾಗಲೇ ಹೆಚ್ಚು ಎಂದು ಅನುಭವಿ ತರಬೇತುದಾರರು ಹೇಳುತ್ತಾರೆ. ಅಂಗಿಯ ಅಂಚು, ಜಾಕೆಟ್ಟಿನ ದಾರ, ಎಳೆದುಕೊಳ್ಳಲು ಮರೆತ ಬೆರಳು ಇವು ಒರೆಯ ಬಾಯಿಯಲ್ಲಿ ಪಿಸ್ತೂಲಿನ ಜತೆ ಸೇರಿಕೊಳ್ಳುತ್ತವೆ. ಮನೆಯಲ್ಲಿ ಒರೆಯನ್ನು ಪಿಸ್ತೂಲಿನ ಸಮೇತ ಬೆಲ್ಟಿನಿಂದ ಬಿಡಿಸಿಡಲು ಬರುವಂತಿದ್ದರೆ ದಿನಕ್ಕೆರಡು ಬಾರಿ ಈ ಅಪಾಯಕ್ಕೆ ಒಡ್ಡಿಕೊಳ್ಳುವುದು ತಪ್ಪುತ್ತದೆ.

ಮಾನದಂಡವಿಲ್ಲದ ಮಾರುಕಟ್ಟೆ

1972ರಲ್ಲಿ ಅಮೆರಿಕ ಗ್ರಾಹಕ ವಸ್ತುಗಳ ಸುರಕ್ಷತೆಗೆ ಆಯೋಗವೊಂದನ್ನು ರಚಿಸಿದಾಗ ಬಂದೂಕು, ಗುಂಡುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಒರೆಗಂತೂ ರಾಷ್ಟ್ರಮಟ್ಟದ ಯಾವುದೇ ಕಡ್ಡಾಯ ತಯಾರಿಕಾ ಮಾನದಂಡವಿಲ್ಲ. ಮಗುವಿನ ತೊಟ್ಟಿಲಿಗೆ, ಬೈಕ್ ಸವಾರನ ಹೆಲ್ಮೆಟ್ಟಿಗೆ ಪರೀಕ್ಷೆಗಳಿವೆ. ಗುಂಡು ತುಂಬಿದ ಪಿಸ್ತೂಲನ್ನು ಕಿಬ್ಬೊಟ್ಟೆಗೆ ಅಂಟಿಸಿ ಹಿಡಿಯುವ ಸಾಧನಕ್ಕೆ ಇಲ್ಲ. ಹಿಡಿತದ ಮಟ್ಟವನ್ನು ಒಂದು, ಎರಡು, ಮೂರು ಎಂದು ನಮೂದಿಸುವ ರೂಢಿ ಉದ್ಯಮದ ಒಳಗಿನಿಂದಲೇ ಬಂದದ್ದು, ಸರ್ಕಾರದ ಮುದ್ರೆ ಅದಕ್ಕಿಲ್ಲ.

ಒರೆಯೇ ಸರ್ವರೋಗ ಪರಿಹಾರವೂ ಅಲ್ಲ. ಟ್ರಿಗರ್ ಮುಟ್ಟದೆಯೇ, ಒರೆಯಲ್ಲಿದ್ದಾಗಲೇ ಸಿಡಿಯಿತು ಎಂಬ ಆರೋಪದ ಮೇಲೆ ಜನಪ್ರಿಯ ಪಿಸ್ತೂಲು ಮಾದರಿಯೊಂದರ ವಿರುದ್ಧ ಹಲವು ಮೊಕದ್ದಮೆಗಳು ದಾಖಲಾದವು. 2024ರಲ್ಲಿ ಜಾರ್ಜಿಯಾ ಮತ್ತು ಫಿಲಡೆಲ್ಫಿಯಾದ ಜ್ಯೂರಿಗಳು ಗಾಯಾಳುಗಳ ಪರ ತೀರ್ಪಿತ್ತವು. ತಯಾರಕರು ಆರೋಪವನ್ನು ನಿರಾಕರಿಸುತ್ತ ಬಂದಿದ್ದಾರೆ. 2025ರ ಜುಲೈನಲ್ಲಿ ಸೈನಿಕನೊಬ್ಬನ ಸಾವಿನ ನಂತರ ಅಮೆರಿಕದ ವಾಯುಪಡೆಯ ಒಂದು ವಿಭಾಗ ಅದರ ಸೇನಾ ಮಾದರಿಯ ಬಳಕೆಯನ್ನು ನಿಲ್ಲಿಸಿ, ತಪಾಸಣೆಯ ಬಳಿಕ ಆಗಸ್ಟ್‌ನಲ್ಲಿ ಪುನರಾರಂಭಿಸಿತು. ಈ ವಿವಾದದಲ್ಲಿ ಒರೆಯ ಸಡಿಲತೆಯೂ ಚರ್ಚೆಗೆ ಬಂದಿದೆ. ಯಾವ ಒರೆಯಲ್ಲಿ ಯಾವ ಪಿಸ್ತೂಲು ಎಷ್ಟು ಅಲುಗಬಹುದು ಎಂಬುದಕ್ಕೆ ಒಪ್ಪಿತವಾದ ಅಳತೆಗೋಲೇ ಇಲ್ಲದಿರುವಾಗ ತಪ್ಪು ಯಾರದೆಂದು ನಿರ್ಣಯಿಸುವುದೂ ಕಷ್ಟ.

ತರಬೇತಿಯಲ್ಲೂ ಇದೇ ಏರುಪೇರು. ತೀರ್ಪಿನ ನಂತರ ನ್ಯೂಯಾರ್ಕ್ 16 ತಾಸಿನ ಪಾಠ, 2 ತಾಸಿನ ಗುಂಡು ಹಾರಿಸುವ ಅಭ್ಯಾಸವನ್ನು ಕಡ್ಡಾಯ ಮಾಡಿತು. ಪರವಾನಗಿಯೇ ಬೇಡವೆಂದ ರಾಜ್ಯಗಳಲ್ಲಿ ಅದರ ಜತೆಗಿದ್ದ ತರಬೇತಿಯೂ ಐಚ್ಛಿಕವಾಗಿಬಿಟ್ಟಿತು. ಎಡಿಸನ್‌ನಲ್ಲಿರುವ ಅಣ್ಣನಿಗೆ ಒರೆಯ ವ್ಯಾಖ್ಯೆ ಕಾನೂನೇ ಹೇಳಿಕೊಡುತ್ತದೆ. ಡಲ್ಲಾಸ್‌ನಲ್ಲಿರುವ ತಮ್ಮ ಅಂಗಡಿಯವನ ಮಾತನ್ನೇ ನಂಬಬೇಕು.

ಇಲ್ಲಿನ ನಿಯಮ

ಭಾರತದಲ್ಲಿ ಶಸ್ತ್ರ ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ. ಪರವಾನಗಿದಾರರ ಸಂಖ್ಯೆಯೂ ಹೋಲಿಕೆಯಲ್ಲಿ ತೀರ ಕಡಿಮೆ. ಆದರೂ ಒರೆಯ ವಿಷಯದಲ್ಲಿ ಇಲ್ಲಿನ 2016ರ ಶಸ್ತ್ರ ನಿಯಮಗಳು ಅಮೆರಿಕದ ಬಹುಪಾಲು ರಾಜ್ಯಗಳಿಗಿಂತ ಸ್ಪಷ್ಟವಾಗಿವೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರ್‌ಗಳನ್ನು ಅದಕ್ಕೆಂದೇ ತಯಾರಿಸಿದ, ಮೈಗೆ ಕಟ್ಟಿಕೊಂಡ ಒರೆಯಲ್ಲಿ ಅಥವಾ ಅಂಥದೇ ಚೀಲದಲ್ಲಿ ಒಯ್ಯಬೇಕು, ಅದು ಸಂಪೂರ್ಣ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಮದುವೆ ಮೆರವಣಿಗೆಗಳಲ್ಲಿ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿ ಮೆರೆಯುವವರು ಈ ನಿಯಮ ಓದಿದ ಲಕ್ಷಣವಿಲ್ಲ.

2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ನಟ ಗೋವಿಂದ ಪ್ರಯಾಣಕ್ಕೆ ಹೊರಡುವ ಗಡಿಬಿಡಿಯಲ್ಲಿ ತಮ್ಮ ಪರವಾನಗಿಯುಳ್ಳ ರಿವಾಲ್ವರನ್ನು ಎತ್ತಿಡುವಾಗ ಅದು ಕೈಜಾರಿ ಬಿದ್ದು ಕಾಲಿಗೆ ಗುಂಡು ಹೊಕ್ಕಿತು. ಆಸ್ಪತ್ರೆಯಲ್ಲಿ ಗುಂಡು ಹೊರತೆಗೆದರು, ಅವರು ಚೇತರಿಸಿಕೊಂಡರು. ಸುದ್ದಿವಾಹಿನಿಗಳು ಆ ದಿನವೆಲ್ಲ ಕೇಳಿದ ಮೊದಲ ಪ್ರಶ್ನೆ ರಿವಾಲ್ವರಿಗೆ ಪರವಾನಗಿ ಇತ್ತೇ ಎಂಬುದು. ಇತ್ತು.